ಕರೆಯೋ ಪದ

ನನಗೆ ಸಂಗೀತ ಬರುತ್ತದೆ ಎಂಬ ಜಂಬ ಇಲ್ಲದೆ ಹೋಗಿದ್ದರೆ ಆ ವರ್ಷ ಏನೂ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಬಂದಾಗ ಹೇಳುವ ಧೈರ್ಯ ಇರುತ್ತದೋ ಇಲ್ಲವೋ.

ಸಾವಿರದ ಒಂಬೈನೂರ ಐವತ್ತಾರರ ಜುಲೈ ಮೊದಲ ವಾರ, ಇನ್ನಾಸಪ್ಪನೆಂಬ ನಾನು ಹುಣಸೂರಿನ ಆಚೆ ಲಕ್ಷ್ಮಣತೀರ್ಥ ಹೊಳೆಯ ದಂಡೆಯ ಒಂದು ಹಳ್ಳಿಗೆ ಮಿಷನ್ ಸ್ಕೂಲಿನ ಮೇಷ್ಟ್ರಾಗಿ ಬಂದೆ. ಜೊತೆಗೆ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಕೆಲಸ. ನಲವತ್ತು ಮನೆ ಕ್ರೈಸ್ತರು, ಹೆಂಚಿನ ಚರ್ಚು, ನೆಲಕ್ಕೆ ಈಚಲು ಚಾಪೆ, ಒಂದು ಪಕ್ಕ ಗಂಡಸರು, ಇನ್ನೊಂದು ಪಕ್ಕ ತಲೆ ಮೇಲೆ ಸೆರಗು ಹೊದ್ದ ಹೆಂಗಸರು. ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಜನ ಪ್ರಸಾದವನ್ನು, ಎಂದರೆ ಯೇಸುವಿನ ಶರೀರವೇ ಎಂದು ನಾವು ನಂಬುವ ತೆಳು ರೊಟ್ಟಿಯ ಬಿಲ್ಲೆಯನ್ನು, ತೆಗೆದುಕೊಳ್ಳುವಾಗ ಮಾತ್ರ ಒಂದು ಕನ್ನಡ ಹಾಡಿಗೆ ಅವಕಾಶವಿತ್ತು. ಮೈಸೂರಿನಲ್ಲಿ ನಾಲ್ಕು ವರ್ಷ ಸ್ವರ ತಿದ್ದಿದ್ದ ನನಗೆ ಆ ಒಂದು ಹಾಡೇ ಕಚೇರಿ.

ಮೊದಲ ಭಾನುವಾರವೇ ನನಗೆ ಮಂಗಳಾರತಿಯಾಯಿತು. ಹೊಸ ಸಿನಿಮಾ ಧಾಟಿಯೊಂದಕ್ಕೆ ದೇವಮಾತೆಯ ಹಾಡು ಕೂರಿಸಿ ನುಡಿಸಿದ್ದೆ. ಗಂಡಸರ ಕಡೆ ಯಾರೋ ತೊಡೆ ತಟ್ಟಿ ತಾಳ ಹಾಕಿದರು. ಹೆಂಗಸರೆಲ್ಲ ನನ್ನತ್ತ ತಿರುಗಿ ನೋಡಿದರು. ನಾನು ಉಬ್ಬಿಹೋದೆ. ಪೂಜೆ ಮುಗಿದ ಮೇಲೆ ರಾಯಪ್ಪ ಸ್ವಾಮಿಗಳು ಒಳಗೆ ಕರೆದರು. ಅರವತ್ತು ದಾಟಿದ ಗುರುಗಳು, ಸಣ್ಣ ದನಿ.

"ಹುಣಸೂರಿನ ಟೆಂಟಿನಲ್ಲಿ ಹಾಕ್ತಾರಲ್ಲ, ಅದೇ ಧಾಟಿ ತಾನೇ?"

"ಹೌದು ಸ್ವಾಮಿ. ಜನಕ್ಕೆ ಇಷ್ಟವಾಗಲಿ ಅಂತ..."

"ಇಷ್ಟವಾಯಿತಲ್ಲ, ಎಲ್ಲರೂ ತಿರುಗಿ ನಿನ್ನನ್ನೇ ನೋಡಿದರು. ನಾನು ದೇವರನ್ನು ಕೈಯಲ್ಲಿ ಹಿಡಿದುಕೊಂಡು ಇಲ್ಲಿ ನಿಂತಿದ್ದೆ, ಇನ್ನಾಸಪ್ಪ. ಯಾವ ಹಾಡು ಕೇಳಿದರೆ ಯಾರೂ ತಿರುಗುವುದಿಲ್ಲವೋ ಅಂಥದ್ದು ತಾ. ಅಲ್ಲಿಯವರೆಗೆ ಮೌನವೇ ಸಾಕು."

ಸಿಟ್ಟು ನೆತ್ತಿಗೇರಿತು. ಮುದುಕರಿಗೆ ಹೊಸದೆಲ್ಲ ಪಾಪ ಎಂದು ಗೊಣಗುತ್ತ ಆ ಸಂಜೆ ಹೊಳೆಯ ಕಡೆ ನಡೆದೆ. ಮುಂಗಾರಿನ ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ಹರಿಗೋಲಿನ ಮಂಚಯ್ಯನ ತಾಯಿ ಚಿಕ್ಕಬೀರಮ್ಮ ದಡದಲ್ಲಿ ಒಂದು ದೀಪ ಇಟ್ಟುಕೊಂಡು ನೀರಿನತ್ತ ಮುಖ ಮಾಡಿ ಹಾಡುತ್ತಿದ್ದಳು. ಹೊಳೆಯ ಸದ್ದಿನಲ್ಲಿ 'ಬಾರೇ ಕಂದಾ, ಬಾರೇ' ಎಂಬುದಷ್ಟೇ ಕೇಳಿಸಿತು. ನಾನು ನಿಂತಲ್ಲೇ ನಿಂತೆ. ಅಂಥ ಧಾಟಿಯನ್ನು ಮೈಸೂರಿನಲ್ಲೂ ಕೇಳಿರಲಿಲ್ಲ. ಸಾಲು ಮೇಲೆ ಹತ್ತಿ ನಿಷಾದದಲ್ಲಿ ನಿಲ್ಲುತ್ತಿತ್ತು, ಷಡ್ಜಕ್ಕೆ ಇಳಿಯುತ್ತಲೇ ಇರಲಿಲ್ಲ. ಬಾಗಿಲು ತೆರೆದಿಟ್ಟು ಹಾಗೇ ಬಿಟ್ಟಂತಿತ್ತು.

"ಅಜ್ಜಿ, ಇದು ಯಾವ ಹಾಡು?" ಎಂದು ಕೇಳಿದೆ.

ಅವಳು ತಿರುಗಲಿಲ್ಲ. "ಕರೆಯೋ ಪದ ಕಣಪ್ಪ," ಎಂದು ಮತ್ತೆ ಹಾಡಿಗೆ ಹೊರಳಿದಳು.

ಆಡಲು ಹೋದ ಮಗುವನ್ನು ಸಂಜೆ ಮನೆಗೆ ಕರೆಯುವ ಹಾಡು ಎಂದುಕೊಂಡೆ. ತಾಯಿಯ ಹಾಡಿಗಿಂತ ಭಕ್ತಿಯದ್ದು ಇನ್ನೇನಿದೆ? ಪ್ರಸಾದದ ಹೊತ್ತಿಗೆ ಯೇಸುವನ್ನು ಎದೆಗೆ ಕರೆಯಲು ಇದಕ್ಕಿಂತ ಒಪ್ಪುವ ಧಾಟಿ ಸಿಗುವುದಿಲ್ಲ ಎನ್ನಿಸಿತು. ರಾತ್ರಿಯೇ 'ಬಾರಯ್ಯ ಯೇಸುವೇ ಬಾರಯ್ಯ' ಎಂದು ಪದ ಕೂರಿಸಿದೆ. ಇನ್ನೊಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಊರಿನಲ್ಲಿ ಒಂದು ಸಾವಾಗಿದ್ದು ನನಗೆ ಗೊತ್ತಿಲ್ಲದೆ ಇರಲಿಲ್ಲ. ನಾನು ಬರುವ ಒಂಬತ್ತು ದಿನ ಮೊದಲು ಆರೋಗ್ಯಮ್ಮನ ಮಗಳು ಮದಲೆ, ಒಂಬತ್ತು ವರ್ಷದವಳು, ಬಟ್ಟೆ ಒಗೆಯುವ ಕಲ್ಲಿನಿಂದ ಜಾರಿ ಹೊಳೆಯ ಪಾಲಾಗಿದ್ದಳು. ಹೆಣ ಸಿಕ್ಕಿರಲಿಲ್ಲ. ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬಕ್ಕೆ ಮೊದಲ ಪ್ರಸಾದ ತೆಗೆದುಕೊಳ್ಳಬೇಕಿದ್ದ ಎಂಟು ಮಕ್ಕಳಲ್ಲಿ ಅವಳೂ ಒಬ್ಬಳು. ಅವರನ್ನು ತಯಾರು ಮಾಡುವ ಕೆಲಸ ಈಗ ನನ್ನದು. ತಲೆ ಎತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದು, ನಾಲಿಗೆಯನ್ನು ತುಟಿಯ ಮೇಲಿಡಿ, ಹಲ್ಲು ತಾಗಿಸದೆ ನುಂಗಿ ಎಂದು ಏಳು ಮಕ್ಕಳಿಗೆ ದಿನವೂ ಹೇಳಿಕೊಡುತ್ತಿದ್ದೆ. ವಿಧವೆ ಆರೋಗ್ಯಮ್ಮ ಕಿಟಕಿಯ ಹೊರಗೆ ನಿಂತು ನೋಡಿ ಹೋಗುತ್ತಿದ್ದಳು. ಮಗಳಿಗೆಂದು ಹೊಲಿಸಿದ್ದ ಬಿಳಿ ಲಂಗ ಅವಳ ಕಂಕುಳಲ್ಲಿ ಇದ್ದೇ ಇರುತ್ತಿತ್ತು.

ಜುಲೈ ಇಪ್ಪತ್ತೆರಡರ ಭಾನುವಾರ ಹೊಸ ಹಾಡು ನುಡಿಸಿದೆ. ಹಾರ್ಮೋನಿಯಂ ಇದ್ದದ್ದು ಪೀಠದ ಮುಂದಿನ ಕಟಕಟೆಯ ಪಕ್ಕದಲ್ಲೇ. ಜನ ಬಂದು ಕಟಕಟೆಯ ಮುಂದೆ ಸಾಲಾಗಿ ಮಂಡಿಯೂರಿ, ಅದರ ಮೇಲೆ ಹಾಸಿದ ಬಿಳಿ ಬಟ್ಟೆಯನ್ನು ಗದ್ದದ ಕೆಳಗೆ ಹಿಡಿದುಕೊಂಡು ಪ್ರಸಾದ ತೆಗೆದುಕೊಳ್ಳುವುದು ಪದ್ಧತಿ. ಆ ದಿನ ಒಬ್ಬರೂ ನನ್ನತ್ತ ತಿರುಗಲಿಲ್ಲ. ಸ್ವಾಮಿಗಳು ಹಾಕಿದ ಸವಾಲು ಗೆದ್ದೆ ಎಂದು ಒಳಗೇ ಬೀಗಿದೆ. ಆಮೇಲೆ ಗಮನಿಸಿದೆ, ಅವರೆಲ್ಲ ಬಾಗಿಲಿನತ್ತ ತಿರುಗಿದ್ದರು. ಹೊಳೆಯ ಕಡೆಯ ಬಾಗಿಲು. ಅಲ್ಲಿ ಯಾರೂ ಇರಲಿಲ್ಲ. ಆರೋಗ್ಯಮ್ಮ ಮಾತ್ರ ಸ್ವಲ್ಪ ಸರಿದು, ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕಟಕಟೆಯ ಬಟ್ಟೆ ಮಡಿಸುತ್ತಿದ್ದೆ. ಆರೋಗ್ಯಮ್ಮ ಮಂಡಿಯೂರಿ ಪಕ್ಕದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬಟ್ಟೆ ಅಂಗೈಯಗಲ ಒದ್ದೆಯಾಗಿತ್ತು. ಹೆಂಚು ಸೋರಿರಬೇಕು ಎಂದುಕೊಂಡೆ. ಮೂಗಿನ ಹತ್ತಿರ ಹಿಡಿದರೆ ಜೊಂಡು ಹುಲ್ಲಿನ ವಾಸನೆ.

ಆಗಸ್ಟ್ ಐದರಂದು ನಡೆದದ್ದನ್ನು ಊರೆಲ್ಲ ನೋಡಿತು. ರಾಯಪ್ಪ ಸ್ವಾಮಿಗಳು ಕಟಕಟೆಯುದ್ದಕ್ಕೂ ಪ್ರಸಾದ ಕೊಡುತ್ತ ಬಂದರು. ಆರೋಗ್ಯಮ್ಮನಿಗೆ ಕೊಟ್ಟರು. ಇನ್ನೊಂದು ಹೆಜ್ಜೆ ಸರಿದು, ಯಾರೂ ಇಲ್ಲದ ಜಾಗದ ಮುಂದೆ ನಿಂತು, ಮಕ್ಕಳಿಗೆ ಬಗ್ಗುವ ಹಾಗೆ ಬಗ್ಗಿ, ಪ್ರಸಾದ ಎತ್ತಿ, ಪ್ರಭುವಿನ ಶರೀರ ಎಂಬರ್ಥದ 'ಕೊರ್ಪುಸ್ ದೋಮಿನಿ' ಎಂದು ಶುರುಮಾಡಿದರು. ಅಲ್ಲಿಗೇ ನಿಂತುಹೋದರು. ನನ್ನ ಹಾಡೂ ನಿಂತಿತು. ಅವರು ನಿಧಾನವಾಗಿ ಹಿಂದೆ ಸರಿದು ಪೀಠಕ್ಕೆ ಹೋದರು.

ನಾನು ಊಟವನ್ನೂ ಮಾಡದೆ ಚಿಕ್ಕಬೀರಮ್ಮನ ಗುಡಿಸಲಿಗೆ ಓಡಿದೆ.

"ಕರೆಯೋ ಪದ ಅಂದ್ರೆ ಏನ್ ತಿಳ್ಕಂಡೆ ಮೇಷ್ಟ್ರಪ್ಪ?" ಎಂದಳು ಅಜ್ಜಿ. "ನೀರ್ ಪಾಲಾದೋರ್ನ ಕರೆಯೋದು ಕಣಪ್ಪ. ಎಣ ಕೊಡವ್ವಾ ಅಂತ ಒಳೆನ ಕೇಳೋದು. ಆವತ್ತು ನಾನು ಮದ್ಲೆನೇ ಕರೀತಿದ್ದೆ. ನೀರಿಗೆ ಯಾವ ಜಾತಿ? ಆದ್ರೆ ದಡದ್ ಮ್ಯಾಲ್ ನಿಂತು ಒಳೆ ಕಡೀಕೆ ಮಕ ಮಾಡಿ ಕರೀಬೇಕು. ನೀನು ದೇವರ ಮನೆ ಒಳಗ್ ಕುಂತು ಕರ್ದಿದ್ದೀಯ. ಕೂಸು ಅಲ್ಗೇ ಬಂದದೆ."

"ಈಗ ಏನು ಮಾಡಲಿ ಅಜ್ಜಿ?" ಎಂದೆ.

"ಕೊನೇದೊಂದು ಸಾಲು ಅದೆ. ಬಂದ್ ಮ್ಯಾಲೆ ಯೋಳೋದು. 'ಬಂದ್ಯಲ್ಲ ಕಂದಾ, ದಣಿದ್ಯಲ್ಲ ಕಂದಾ, ಇನ್ ಮನೀಕೋ.' ಅದ್ನ ಯೋಳಿದ್ರೆ ಕೂಸು ಒಂಟೋಯ್ತದೆ, ಎಣ ಸಿಕ್ತದೆ. ಯೋಳ್ದೆ ಓದ್ರೆ ಒದ್ದೆ ಮೈಲಿ ಅಲ್ಲೇ ನಿಂತಿರ್ತದೆ. ಕರ್ದೋರ್ದೇ ಕಳಿಸೋ ಭಾರ. ನಾನ್ ಯೋಳಿದ್ರೆ ಆಗಾಕಿಲ್ಲ."

ಇನ್ನು ಮಲಗಿಕೋ ಎಂಬ ಆ ಸಾಲನ್ನು ಅವಳು ಹಾಡಿ ತೋರಿಸಿದಳು. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಷಡ್ಜದಲ್ಲಿ ಕೂತಿತು.

ಸ್ವಾಮಿಗಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಪ್ರಸಾದ ಬದುಕಿದ್ದವರಿಗೆ ಕಣಯ್ಯ, ಸತ್ತವರಿಗೆ ಪ್ರಾರ್ಥನೆ ಮಾತ್ರ," ಎಂದರು. "ಆ ಹಾಡು ಇನ್ನು ಬೇಡ." ಮುಂದಿನ ಭಾನುವಾರ ಹಾಡಲಿಲ್ಲ, ಕಳಿಸುವ ಸಾಲನ್ನೂ ಹೇಳಲಿಲ್ಲ. ಆದರೂ ಬಟ್ಟೆ ಒದ್ದೆಯಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಆರೋಗ್ಯಮ್ಮ ಸ್ಕೂಲಿಗೆ ಬಂದಳು. ಬಿಳಿ ಲಂಗವನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಮೇಷ್ಟ್ರೇ, ನಾಳೀಕೆ ಒಂದ್ಸಲ ಕರೀರಿ. ಆಮ್ಯಾಕೆ ಬೇಕಾರೆ ಕಳ್ಸಿ ಬುಡಿ, ನಾನ್ ಬ್ಯಾಡ ಅನ್ನಾಕಿಲ್ಲ. ಅವ್ಳು ಅದೇ ಜಪ ಮಾಡ್ತಿದ್ಲು, ಅಬ್ಬಕ್ಕೆ ನಾನೂ ತಕ್ಕತೀನಿ, ನಾನೂ ತಕ್ಕತೀನಿ ಅಂತ. ಅಸ್ಕಂಡು ಬಂದ್ ಮಗ ಕಣ್ರೀ. ಬರಿ ಬಾಯಲ್ಲಿ ಎಂಗ್ ಕಳ್ಸಾನ?"

"ಸ್ವಾಮಿಗಳು ಕೊಡುವುದಿಲ್ಲ, ಆರೋಗ್ಯಮ್ಮ."

"ಅವ್ರು ನಂಗ್ ಕೊಡ್ಲಿ. ಸಾಕು."

ಅದರ ಅರ್ಥ ಆಗ ಹೊಳೆಯಲಿಲ್ಲ. ಅವಳ ಮುಖ ನೋಡಲಾಗದೆ ಆಗಲಿ ಎಂದುಬಿಟ್ಟೆ.

ಆಗಸ್ಟ್ ಹದಿನೈದು, ಬುಧವಾರ. ಬೆಳಿಗ್ಗೆ ಸ್ಕೂಲಿನಲ್ಲಿ ಬಾವುಟ ಹಾರಿಸಿ ಚರ್ಚಿಗೆ ಬಂದೆವು. ಏಳು ಮಕ್ಕಳು ಬಿಳಿ ಬಟ್ಟೆಯಲ್ಲಿ, ತಲೆಗೆ ಹೂವಿನ ಕಿರೀಟ. ಅವರು ಪ್ರಸಾದ ತೆಗೆದುಕೊಂಡು ಎದ್ದ ಮೇಲೆ ದೊಡ್ಡವರು ಬಂದರು. ಆರೋಗ್ಯಮ್ಮ ತುದಿಯಲ್ಲಿ, ನನ್ನಿಂದ ಮೂರು ಮೊಳ ದೂರದಲ್ಲಿ ಮಂಡಿಯೂರಿದಳು. ಪಕ್ಕದ ಖಾಲಿ ಜಾಗದಲ್ಲಿ ಲಂಗ ಹಾಸಿದಳು. ನಾನು ತಿದಿ ಒತ್ತಿ ಕರೆಯಲು ಶುರುಮಾಡಿದೆ. ಯೇಸುವಿನ ಹೆಸರು ಬಾಯಿಗೆ ಬರಲಿಲ್ಲ. 'ಬಾರೇ ಕಂದಾ ಬಾರೇ' ಎಂದೇ ಹಾಡಿದೆ. ಸ್ವಾಮಿಗಳು ಒಮ್ಮೆ ನನ್ನನ್ನು ನೋಡಿದರು, ಕೊಡುವುದನ್ನು ನಿಲ್ಲಿಸಲಿಲ್ಲ.

ಜೊಂಡಿನ ವಾಸನೆ ಬಂತು. ನೆಲದ ಮೇಲಿದ್ದ ಲಂಗ ಅಂಚಿನಿಂದ ಮೇಲಕ್ಕೆ ಒದ್ದೆಯಾಗುತ್ತ ಹೋಯಿತು. ಕಟಕಟೆಯ ಬಟ್ಟೆ, ಯಾರೋ ಎರಡು ಕೈಯಲ್ಲಿ ಎತ್ತಿ ಹಿಡಿದ ಹಾಗೆ, ಸಣ್ಣ ಮಗುವಿನ ಗದ್ದದ ಎತ್ತರಕ್ಕೆ ಎದ್ದು ನಿಂತಿತು.

ಸ್ವಾಮಿಗಳು ಆರೋಗ್ಯಮ್ಮನ ನಾಲಿಗೆಯ ಮೇಲೆ ಪ್ರಸಾದ ಇಟ್ಟರು. ಅವಳು ನುಂಗಲಿಲ್ಲ. ಬೆರಳಿನಿಂದ ಅದನ್ನು ತೆಗೆದಳು. ಗುರುವಲ್ಲದವರ ಕೈ ಪ್ರಸಾದಕ್ಕೆ ಸೋಕುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಹೆಂಗಸರ ಕಡೆಯಿಂದ ಅಯ್ಯೋ ಎಂಬ ದನಿ ಬಂತು. ಅವಳು ಪಕ್ಕಕ್ಕೆ ಬಾಗಿ, ಎತ್ತಿದ ಬಟ್ಟೆಯ ಮೇಲೆ, ಗಾಳಿಯಲ್ಲಿ, ಅದನ್ನು ಇಟ್ಟಳು. ಅದು ಬೀಳಲಿಲ್ಲ. ಅಲ್ಲೇ ನಿಂತಿತು.

ಕಳಿಸಿಬಿಡಬೇಕು, ಈಗಲೇ ಕಳಿಸಿಬಿಡಬೇಕು ಎಂಬುದೊಂದೇ ನನ್ನ ತಲೆಯಲ್ಲಿ. 'ಬಂದ್ಯಲ್ಲ ಕಂದಾ, ದಣಿದ್ಯಲ್ಲ ಕಂದಾ, ಇನ್ ಮನೀಕೋ' ಎಂದು ಒಂದೇ ಉಸಿರಿಗೆ ಹೇಳಿ ಷಡ್ಜಕ್ಕೆ ಬಂದುಬಿಟ್ಟೆ.

ಬಟ್ಟೆ ಕುಸಿಯಿತು. ಆರೋಗ್ಯಮ್ಮ ನನ್ನತ್ತ ತಿರುಗಿದಳು.

"ಇನ್ನೂ ನುಂಗಿರ್ನಿಲ್ಲ ಮೇಷ್ಟ್ರೇ!" ಎಂದು ಕೂಗಿದಳು. "ಅವ್ಳಿನ್ನೂ ನುಂಗಿರ್ನಿಲ್ಲ!"

ಒದ್ದೆ ಲಂಗದ ಮೇಲೆ ಪ್ರಸಾದ ಬಿದ್ದಿತ್ತು. ಅರ್ಧ ಮಾತ್ರ. ಸ್ವಾಮಿಗಳು ಮಂಡಿಯೂರಿ ಅದನ್ನು ಎತ್ತಿದರು. ನಿಯಮದಂತೆ ತಾವೇ ಸೇವಿಸಬೇಕಿತ್ತು. ಸೇವಿಸಲಿಲ್ಲ. ಒಂದು ಸಣ್ಣ ಬಟ್ಟಲಲ್ಲಿಟ್ಟು, ಪೀಠದ ಮೇಲಿನ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದರು.

ಮಾರನೆಯ ಬೆಳಿಗ್ಗೆ ಚರ್ಚಿನ ಕೆಳಗಿನ ಜೊಂಡಿನಲ್ಲಿ ಮಂಚಯ್ಯನಿಗೆ ಮದಲೆಯ ಹೆಣ ಸಿಕ್ಕಿತು. ಎರಡು ತಿಂಗಳ ಹತ್ತಿರ ನೀರಿನಲ್ಲಿದ್ದ ಮೈ ಹಾಗಿರಬಾರದಿತ್ತು. ನಿನ್ನೆ ಬಿದ್ದವಳಂತೆ ಇದ್ದಳು. ಕಣ್ಣು ಮುಚ್ಚಿತ್ತು. ಬಾಯಿ ತೆರೆದಿತ್ತು. ನಾಲಿಗೆ, ನಾನು ಆ ಏಳು ಮಕ್ಕಳಿಗೆ ಹೇಳಿಕೊಟ್ಟ ಹಾಗೆ, ತುಟಿಯ ಮೇಲಿತ್ತು. ಹೆಂಗಸರು ಎಷ್ಟು ಒತ್ತಿದರೂ ಬಾಯಿ ಮುಚ್ಚಿಕೊಳ್ಳಲಿಲ್ಲ.

ನಾನು ಚರ್ಚಿನ ಗೋಡೆಗೆ ಒರಗಿ ಅತ್ತೆ. ನಾಲ್ಕು ವರ್ಷ ಲಯ ಕಲಿತವನು ನಾನು. ಒಂದು ಮಗು ನುಂಗುವಷ್ಟು ಹೊತ್ತು ಕಾಯಲಾರದೆ ಹೋದೆ.

ಮಧ್ಯಾಹ್ನ ಸಮಾಧಿಯ ಹತ್ತಿರ ಲ್ಯಾಟಿನ್ ಪ್ರಾರ್ಥನೆಯೆಲ್ಲ ಮುಗಿಯಿತು. ಶವಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ರಾಯಪ್ಪ ಸ್ವಾಮಿಗಳು ನನ್ನ ಹತ್ತಿರ ಬಂದರು. ಅವರ ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಆ ಬಟ್ಟಲಿತ್ತು.

"ಹೇಳು," ಎಂದರು. "ಮೊದಲಿನಿಂದ. ಅವಸರ ಮಾಡಬೇಡ."

ಹಾರ್ಮೋನಿಯಂ ಇರಲಿಲ್ಲ. ಬರೀ ದನಿಯಲ್ಲಿ ಕರೆದೆ. ಸ್ವಾಮಿಗಳು ನಮಗೆ ಬೆನ್ನು ಮಾಡಿ ಪೆಟ್ಟಿಗೆಯ ಪಕ್ಕ ಮಂಡಿಯೂರಿದರು. ಜನರೆಲ್ಲ ತಲೆ ತಗ್ಗಿಸಿದ್ದರು, ಯಾರೂ ಯಾರತ್ತಲೂ ತಿರುಗಲಿಲ್ಲ. ಕೊನೆಯ ಸಾಲಿನ ಮುಂದೆ, ನಿಷಾದದಲ್ಲಿ, ನಿಂತೆ. ಆರೋಗ್ಯಮ್ಮ ನನ್ನನ್ನು ನೋಡದೆ, ತಡೀರಿ ಎಂಬಂತೆ ಕೈ ಎತ್ತಿದ್ದಳು. ಅವಳ ಕಣ್ಣು ಮಗಳ ಗಂಟಲಿನ ಮೇಲಿತ್ತು.

ಉಸಿರು ಮುಗಿಯಿತು. ಮತ್ತೆ ಎಳೆದುಕೊಂಡು ಆ ಸ್ವರವನ್ನೇ ಹಿಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಹಿಂದೆ ಹೊಳೆ ಹರಿಯುವ ಸದ್ದೂ ನಿಂತುಹೋದ ಹಾಗಿತ್ತು.

ಆರೋಗ್ಯಮ್ಮ ಕೈ ಇಳಿಸಿದಳು. ಮಗಳ ಬಾಯಿ ಮುಚ್ಚಿತ್ತು.

"ಈಗ ಯೋಳ್ರಿ ಮೇಷ್ಟ್ರೇ," ಎಂದಳು.

ನಾನು ಕೊನೆಯ ಸಾಲು ಹೇಳಿದೆ.