ಬಾವುಟದೊಳಗಿನ ಹೂವು

ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ಗೌಡರ ಮನೆಯ ಹಿತ್ತಿಲಲ್ಲಿ ಸರೋಜವ್ವ ಬಾವುಟ ತೊಳೆಯುತ್ತಿದ್ದಳು. ಅದು ಒಗೆಯುವ ಕಲ್ಲಿಗೆ ಬಡಿಯುವ ಬಟ್ಟೆಯಲ್ಲ. ಹಿತ್ತಾಳೆ ಬೋಗುಣಿಯಲ್ಲಿ ಅಂಟುವಾಳದ ನೊರೆ ಎಬ್ಬಿಸಿ, ಕೈಯಲ್ಲೇ ಮೆಲ್ಲಗೆ ಹಿಂಡಿ, ಪಡಸಾಲೆಯ ಹಗ್ಗಕ್ಕೆ ನೆರಳಿನಲ್ಲಿ ಹರವಬೇಕು. ಅಂಗಳದಲ್ಲಿ ಹರವುವ ಮಾತೇ ಇಲ್ಲ. ಹಾನಗಲ್ಲ ಸೀಮೆಯ ಶ್ರಾವಣದ ಮಳೆ ಯಾರನ್ನೂ ಕೇಳಿ ಬರುವುದಿಲ್ಲ.

ಪಂಚಾಯ್ತಿಯ ಬಾವುಟಕ್ಕೆ ಗೌಡರ ಮನೆಯಲ್ಲೇನು ಕೆಲಸ ಎಂದು ಹೊರಗಿನವರು ಕೇಳಬಹುದು. ತಿಳವಳ್ಳಿ ರಸ್ತೆಯ ಆ ಸಣ್ಣ ಊರಿನಲ್ಲಿ ಹಿಂದೆ ಪಂಚಾಯ್ತಿ ಆಫೀಸಿನ ತುಂಬ ಇಲಿಗಳಿದ್ದವು. ಸರೋಜವ್ವನ ಮಾವ ಆಗ ಚೇರಮನ್. ಇಲಿ ಕಡಿದೀತೆಂದು ಬಾವುಟವನ್ನು ಮನೆಗೆ ತಂದು ಟ್ರಂಕಿನಲ್ಲಿಟ್ಟರು. ಆಮೇಲೆ ಹೊಸ ಕಟ್ಟಡ ಬಂತು, ಕಬ್ಬಿಣದ ಕಪಾಟು ಬಂತು, ಇಲಿಗಳು ಹೋದವು. ಬಾವುಟ ಮಾತ್ರ ಟ್ರಂಕಿನಲ್ಲೇ ಉಳಿಯಿತು. ಬಾವುಟದ ಜೊತೆಗೆ ಅದನ್ನು ಹಾರಿಸುವ ಹಗ್ಗವೂ ಗೌಡರ ಕೈಯಲ್ಲೇ ಉಳಿಯಿತು. ಅಧ್ಯಕ್ಷರು ಎಷ್ಟೋ ಜನ ಬಂದು ಹೋದರು. ಹದಿನೈದನೇ ತಾರೀಖು ಹಗ್ಗ ಜಗ್ಗುವವರು ಮಾತ್ರ ಮೊದಲು ಮಾವ, ಅವರ ನಂತರ ಸರೋಜವ್ವನ ಗಂಡ ಚನ್ನವೀರಪ್ಪ. ಹೀಗೇಕೆ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಸರೋಜವ್ವನದು ಬೇರೆಯದೇ ಒಂದು ಕುತೂಹಲ. ಹಿರೇಕೆರೂರಿನಿಂದ ಸೊಸೆಯಾಗಿ ಬಂದಾಗಿನಿಂದ ಬಾವುಟ ತೊಳೆದವಳು, ಮಡಚಿದವಳು, ಮಡಿಕೆಯೊಳಗೆ ಸೇವಂತಿಗೆ ಎಸಳು ತುಂಬಿದವಳು ಅವಳೇ. ಆದರೆ ಅದು ಬಿಚ್ಚಿಕೊಳ್ಳುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಗೌಡರ ಮನೆಯ ಹೆಂಗಸರು ಬಾವುಟ ಹಾರಿಸುವ ಚಾವಡಿಯ ಮುಂದೆ ಹೋಗಿ ನಿಲ್ಲುವ ರೂಢಿ ಇರಲಿಲ್ಲ. ದಿಲ್ಲಿಯ ಬಾವುಟವನ್ನು ಟೀವಿಯಲ್ಲಿ ಕಂಡಿದ್ದಳು, ನಾಲ್ಕು ಹೆಜ್ಜೆ ಆಚೆಗಿನ ತನ್ನೂರಿನದನ್ನು ಕಂಡಿರಲಿಲ್ಲ. ಪ್ರತಿ ವರ್ಷ ಗಂಡ ಮರಳಿ ಬಂದಾಗ ಕೇಳುತ್ತಿದ್ದಳು:

"ಹೂವು ಎಲ್ಲಿ ಬಿದ್ದುವ್ರಿ?"

"ಕೆಳಗ ಬಿದ್ದುವು. ಹೂವು ಮತ್ತೆಲ್ಲಿ ಬೀಳ್ತಾವು?" ಎನ್ನುತ್ತಿದ್ದ ಚನ್ನವೀರಪ್ಪ. ಅಲ್ಲಿಗೆ ಆ ವರ್ಷದ ಸ್ವಾತಂತ್ರ್ಯೋತ್ಸವ ಮುಗಿಯುತ್ತಿತ್ತು.

ಈ ವರ್ಷ ಹಾಗಾಗಲಿಲ್ಲ. ಬಾವುಟದ ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಅಂಗಳಕ್ಕೆ ಇಬ್ಬರು ಬಂದು ನಿಂತರು. ಒಬ್ಬಳು ಹೋದ ತಿಂಗಳು ಪಂಚಾಯ್ತಿ ಅಧ್ಯಕ್ಷೆಯಾದ, ಕೆಳಗಿನ ಓಣಿಯ ಅಡಿವೆವ್ವ. ಆ ಓಣಿಯಿಂದ ಅಧ್ಯಕ್ಷರಾದವರು ಅವಳೇ ಮೊದಲು. ಇನ್ನೊಬ್ಬ ಅವಳ ಗಂಡ ಫಕ್ಕೀರೇಶ, ಗೌಡರ ಹೊಲವನ್ನು ಪಾಲಿಗೆ ಮಾಡುವವನು. ಕಟ್ಟೆಯ ಮೇಲೆ ಕುಳಿತಿದ್ದ ಚನ್ನವೀರಪ್ಪ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತಿದ.

"ಏನವಾ ಅಧ್ಯಕ್ಷಿ, ಮುಂಜಮುಂಜಾನೆ?"

"ಝಂಡಾ ಒಯ್ಯಾಕ ಬಂದೇನ್ರಿ ಗೌಡ್ರ. ನಾಳೆ ಹಾರಿಸಬೇಕಲ್ರಿ."

"ಅದಕ್ಕ್ಯಾಕ ಒಯ್ತಿ? ವರ್ಷಾ ನಾನೇ ತರೂದಿಲ್ಲೇನು?"

"ಹೌದ್ರಿ. ಆದ್ರ ಈ ಸಲ ನಾನು ಹಾರಿಸಬೇಕಂತ ಮಾಡೇನ್ರಿ."

ಚನ್ನವೀರಪ್ಪ ಸಿಟ್ಟಾಗಲಿಲ್ಲ. ಅವನು ಸಿಟ್ಟಿನ ಮನುಷ್ಯನೇ ಅಲ್ಲ. ಬೇಕಾದವರಿಗೆ ಬೀಜ ಕೊಟ್ಟವನು, ಕೆಳಗಿನ ಓಣಿಯ ಮದುವೆಗಳಿಗೆ ಟ್ರ್ಯಾಕ್ಟರ್ ಕಳಿಸಿದವನು. ತಾನು ಹೇಳುತ್ತಿರುವುದು ಅವಳ ಒಳ್ಳೆಯದಕ್ಕೇ ಎಂದು ನಿಜವಾಗಿಯೂ ನಂಬಿದ್ದ.

"ಬ್ಯಾಡ ಅಂದವರ್ಯಾರು? ನೀನೂ ಹಗ್ಗಕ್ಕ ಕೈ ಹಚ್ಚು. ಫೋಟೋದಾಗ ನೀನೇ ಮುಂದ ನಿಲ್ಲು. ಜಗ್ಗೂದಷ್ಟು ನಾನು ಜಗ್ತೇನಿ. ಅದು ಜಾರುಗಂಟು ಅಡಿವೆವ್ವ, ಒಂದ ಸಲಕ್ಕ ಬಿಚ್ಚಬೇಕು. ಬಿಚ್ಚಲಿಲ್ಲ ಅಂದ್ರ ಮೊದಲು ಸಾಲಿ ಹುಡುಗ್ರು ನಗ್ತಾವು, ಆಮ್ಯಾಲೆ ಊರು ನಗ್ತೈತಿ. ನಿನ್ನ ಮರ್ಯಾದಿ ಹೋಗಬಾರದಂತ ಹೇಳಾಕತ್ತೇನಿ."

"ಖರೇ ಐತ್ರಿ. ಕೈ ಹಚ್ಚಿದ್ರ ಸಾಕ್ರಿ," ಎಂದ ಫಕ್ಕೀರೇಶ ಅವಸರದಲ್ಲಿ. ಹೊಲದಲ್ಲಿ ಎದೆಮಟ್ಟ ನಿಂತ ಗೋವಿನಜೋಳ ಅವನ ಕಣ್ಣ ಮುಂದಿತ್ತು.

ಅಡಿವೆವ್ವ ಗಂಡನತ್ತ ನೋಡಲಿಲ್ಲ. "ಬರೇ ಕೈ ಹಚ್ಚೂದಾದ್ರ ನಾನು ನಾಳೆ ಬರಂಗಿಲ್ರಿ ಗೌಡ್ರ. ಮನ್ಯಾಗ ಇರ್ತೇನಿ," ಎಂದಳು. ಧ್ವನಿ ಏರಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟೇ ಹೋದಳು.

ಬಾಗಿಲ ಮರೆಯಲ್ಲಿದ್ದ ಸರೋಜವ್ವ ಎಲ್ಲವನ್ನೂ ಕೇಳಿಸಿಕೊಂಡಳು. ನಾಳೆ ಅಡಿವೆವ್ವ ಬರದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. "ನೋಡ್ರಿ, ಕರದ್ರೂ ಬರಲಿಲ್ಲ" ಎಂದು ಊರು ಮಾತಾಡುತ್ತದೆ. ಇನ್ನುಳಿದ ದಿನವೆಲ್ಲ ಅಡಿವೆವ್ವ ಬರೀ ಸಹಿ ಹಾಕುವ ಅಧ್ಯಕ್ಷೆಯಾಗಿಯೇ ಉಳಿಯುತ್ತಾಳೆ.

ಮಧ್ಯಾಹ್ನ ರೊಟ್ಟಿ ಬಡಿಸುತ್ತ ಸರೋಜವ್ವ ಕೇಳಿದಳು, "ಅಲ್ರಿ, ನೀವು ಮೊದಲ್ನೇ ಸಲ ಜಗ್ಗಿದಾಗ ಒಂದ ಸಲಕ್ಕ ಬಿಚ್ಚಿತ್ತೇನ್ರಿ?"

ಚನ್ನವೀರಪ್ಪನಿಗೆ ನಗು ಬಂತು. "ಎಲ್ಲಿ ಬಿಚ್ಚತೈತಿ! ಜಗ್ಗಿದ್ರ ಜಗ್ಗಿದಷ್ಟೂ ಬಿಗಿಯಾತು. ಕಡೀಕ ಝಂಡಾ ಗಂಟಿನ ಸಮೇತ ಕೆಳಗ ಬಂದು ನನ್ನ ಟೋಪಿಗೆ ಬಡೀತು. ಸಾಲಿ ಮಾಸ್ತರು ಉಳವಪ್ಪ ಅವರೂ ನಗಾಕತ್ತಿದ್ರು."

"ಮತ್ತ ಮಾವನವರು ಏನಂದ್ರು?"

"ಏನಂತಾರ? ಇರ್ಲಿ ಬಿಡು, ಬರೂ ವರ್ಷ ಕಲೀತಾನು ಅಂದ್ರು."

"ಕಲಿಯೂ ತನಕ ಬ್ರಹ್ಮವಿದ್ಯೆ, ಕಲಿತ ಮ್ಯಾಲೆ ಕೋತಿವಿದ್ಯೆ ಅಂತಾರಲ್ರಿ," ಎಂದಳು ಸರೋಜವ್ವ ಪಲ್ಯದ ಬೋಗುಣಿ ಮುಂದೆ ಸರಿಸುತ್ತ. "ನಿಮಗ ಕಲಿಯಾಕ ಒಂದು ವರ್ಷ ಸಿಕ್ತು. ಆಕಿಗಿ ಒಂದು ಸಲಾನೂ ಸಿಗಬಾರದೇನ್ರಿ?"

ಚನ್ನವೀರಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಅದು ಬ್ಯಾರೆ, ಇದು ಬ್ಯಾರೆ," ಎಂದ.

ಸಂಜೆ ಬಾವುಟ ಒಣಗಿತು. ಸರೋಜವ್ವ ಅದನ್ನು ಮಡಚಿ ಬಿಳಿ ವಸ್ತ್ರದಲ್ಲಿ ಸುತ್ತಿದಳು. ಹಿತ್ತಿಲ ಸೇವಂತಿಗೆಯನ್ನು ಎಲೆಯಲ್ಲಿ ಕಟ್ಟಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊಂಟಿ?" ಎಂದ ಗಂಡ.

"ಅಧ್ಯಕ್ಷರ ಮನಿಗೆ. ಝಂಡಾ ಅವರದಲ್ರಿ?"

ಹಿಂದಿನಿಂದ ಮಾತು ಬಂದರೆ ನಿಲ್ಲಬೇಕಾದೀತೆಂದು ಅವಳು ಬೇಗ ಬೇಗ ನಡೆದಳು. ಮಾತು ಬರಲಿಲ್ಲ. ಕೆಳಗಿನ ಓಣಿಯನ್ನು ಅವಳು ಎತ್ತಿನಗಾಡಿಯಿಂದ, ಬಸ್ಸಿನಿಂದ ಕಂಡಿದ್ದಳು. ಕಾಲಿಟ್ಟದ್ದು ಇದೇ ಮೊದಲು.

ಅಡಿವೆವ್ವನ ಮನೆಯ ಕಟ್ಟೆಯ ಮೇಲೆ ಅವಳ ಅತ್ತೆ ದುರಗವ್ವ ಅಕ್ಕಿ ಆರಿಸುತ್ತಿದ್ದಳು. ಸರೋಜವ್ವನನ್ನು ಕಂಡು ಮೊರ ಬಿಟ್ಟು ಎದ್ದಳು. ಫಕ್ಕೀರೇಶ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದ. ಸರೋಜವ್ವ ಕುರ್ಚಿಯ ಮೇಲೆ ಕೂರದೆ ಕಟ್ಟೆಯ ಮೇಲೆ ದುರಗವ್ವನ ಪಕ್ಕ ಕುಳಿತು ಬಾವುಟವನ್ನು ಅಡಿವೆವ್ವನ ಕೈಗಿಟ್ಟಳು. "ಬಾಯಿ ಆರೇತಿ, ಒಂದು ತಂಬಿಗಿ ನೀರು ಕೊಡವಾ," ಎಂದಳು.

ಫಕ್ಕೀರೇಶ ಹೆಂಡತಿಯ ಮುಖ ನೋಡಿದ. ಆಮೇಲೆ ಅಡಿವೆವ್ವ ಒಳಗೆ ಹೋಗಿ ನೀರು ತಂದಳು. ಸರೋಜವ್ವ ಕುಡಿದಳು. ದುರಗವ್ವ ಅವಳನ್ನೇ ನೋಡುತ್ತಿದ್ದಳು.

"ಈಗ ಝಂಡಾಕಟ್ಟಿ ಐತಲ್ರಿ ಅವ್ವಾರ, ಅಲ್ಲೇ ಮೊದಲು ಬಾವಿ ಇತ್ತು. ನಿಮ್ಮ ಅತ್ತಿಯವರು ಬಂದ್ರ ನಮ್ಮ ಕೊಡಕ್ಕ ಮ್ಯಾಲಿಂದ ನೀರು ಹಾಕ್ತಿದ್ರು. ಬರೂ ತನಕ ನಾನು ಬೇವಿನಗಿಡದ ಬುಡಕ ನಿಂದರ್ತಿದ್ದೆ. ಹಗ್ಗ ಕಣ್ಣ ಮುಂದ ಇರ್ತಿತ್ತು. ಮುಟ್ಟೂಹಂಗಿರ್ಲಿಲ್ಲ." ಹೋದ ವರ್ಷದ ಮಳೆಯ ಸುದ್ದಿ ಹೇಳುವಂತೆ ಹೇಳಿ, ಮತ್ತೆ ಅಕ್ಕಿ ಆರಿಸತೊಡಗಿದಳು.

ನಲ್ಲಿ ಬಂದ ಮೇಲೆ ಆ ಬಾವಿ ಮುಚ್ಚಿಸಿ ಕಟ್ಟೆ ಕಟ್ಟಿಸಿದವರು ತನ್ನ ಮಾವ ಎಂದು ಸರೋಜವ್ವ ಹೆಮ್ಮೆಪಡುತ್ತಿದ್ದಳು. ಇಂದು ಅವಳಿಗೆ ನಾಚಿಕೆಯಾಯಿತು. ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ, "ನೀ ಏನ ಧೈರ್ಯ ಮಾಡಿದಿ ಅಡಿವೆವ್ವ, ನಮ್ಮ ಮನಿಯವರ ಮುಂದ!" ಎಂದಳು.

ಅಡಿವೆವ್ವ ನಕ್ಕಳು. "ನನ್ನ ತವರುಮನಿ ಯಲವಿಗಿ ರೀ. ಸ್ಟೇಶನ್ನಿನಾಗ ಒಬ್ಬಾಂವ ಹಸರು ಬಾವುಟ ತೋರಿಸಿದ್ರ ಅಷ್ಟು ದೊಡ್ಡ ರೈಲು ಹೊಂಡ್ತಿತ್ತು. ಬಾವುಟ ಹಿಡಿದವರ ಮಾತು ಎಲ್ಲಾರೂ ಕೇಳ್ತಾರ ಅಂತ ತಿಳಕೊಂಡಿದ್ದೆ, ಸಣ್ಣಾಕಿ ಇದ್ದಾಗ. ಖರೇನೋ ಸುಳ್ಳೋ ನೋಡೂಣಂತ್ರಿ."

ಸರೋಜವ್ವನಿಗೆ ಆ ಮಾತು ಬಹಳ ಹಿಡಿಸಿತು. ತನ್ನಂತೆಯೇ ನೋಡುವ ಹುಚ್ಚಿನವಳು ಇವಳೂ.

ಆದರೆ ಬಾವುಟದ ಜಾರುಗಂಟು ಹಾಕುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಟವೆಲ್ಲು ಹಿಡಿದು ನೋಡಿದರು. ಸರೋಜವ್ವನ ಗಂಟು ಮುಟ್ಟುವ ಮೊದಲೇ ಬಿಚ್ಚಿತು. ಫಕ್ಕೀರೇಶನದು ಎತ್ತು ಕಟ್ಟುವ ಗಂಟು, ಬಿಚ್ಚಬಾರದೆಂದೇ ಹಾಕುವುದು. ಇಬ್ಬರು ಜಗ್ಗಿದರೂ ಜಪ್ಪೆನ್ನಲಿಲ್ಲ. ದುರಗವ್ವ ಬೊಚ್ಚುಬಾಯಲ್ಲಿ ನಕ್ಕಳು, ಎಲ್ಲರೂ ನಕ್ಕರು. ಬಾವುಟ ಅಲ್ಲೇ ಬಿಟ್ಟು ಮನೆಗೆ ಬಂದ ಸರೋಜವ್ವ ಗಂಡನಿಗೆ ಇದ್ದದ್ದನ್ನು ಹೇಳಿದಳು. "ಝಂಡಾ ಅಡಿವೆವ್ವನ ಮನ್ಯಾಗೈತ್ರಿ. ಗಂಟು ಹಾಕಾಕ ಅವರಿಗಿ ಬರಂಗಿಲ್ಲ. ನಿಮಗ ಬರತೈತಿ." ಚನ್ನವೀರಪ್ಪ ಟೀವಿಯ ಸದ್ದು ಜೋರು ಮಾಡಿದ.

ಮರುದಿನ ಮುಂಜಾನೆ ಜಿಟಿಜಿಟಿ ಮಳೆ. ಸರೋಜವ್ವ ಎದ್ದಾಗ ಗಂಡನ ಹಾಸಿಗೆ ಖಾಲಿಯಿತ್ತು. ಗೂಟದಲ್ಲಿ ಟೋಪಿಯೂ ಇರಲಿಲ್ಲ. ಅವಳು ಇಳಕಲ್ಲ ಸೀರೆಯುಟ್ಟು ಚಾವಡಿಗೆ ಹೋದಳು. ಶಾಲೆಯ ಮಕ್ಕಳು, ಮಾಸ್ತರರು, ಊರ ಗಂಡಸರು ಆಗಲೇ ಸೇರಿದ್ದರು. ಚನ್ನವೀರಪ್ಪ ಝಂಡಾಕಟ್ಟೆಯ ಮೇಲೆ ಬಗ್ಗಿ ನಿಂತು ಬಾವುಟಕ್ಕೆ ಗಂಟು ಹಾಕುತ್ತಿದ್ದ. ಪಕ್ಕದಲ್ಲಿ ಅಡಿವೆವ್ವ ಸೇವಂತಿಗೆಯ ಎಸಳು ತುಂಬುತ್ತಿದ್ದಳು. ಅವರಿಬ್ಬರೊಳಗೆ ಏನು ಮಾತಾಗಿತ್ತೋ ಸರೋಜವ್ವನಿಗೆ ಗೊತ್ತಿಲ್ಲ.

ದುರಗವ್ವ ಎಲ್ಲಿ ಎಂದು ಕಣ್ಣಾಡಿಸಿದಳು. ಮುಂದೆ ಬೇಕಾದಷ್ಟು ಜಾಗವಿದ್ದರೂ ಮುದುಕಿ ದೂರದ ಬೇವಿನ ಗಿಡದ ಬುಡದಲ್ಲಿ ನಿಂತಿದ್ದಳು. ಕಾಲಿಗೆ ಆ ಜಾಗವೇ ರೂಢಿ. ಸರೋಜವ್ವ ಹೋಗಿ ಅವಳ ಪಕ್ಕದಲ್ಲಿ ನಿಂತಳು.

ಮಡಚಿದ ಬಾವುಟ ಕಂಬದ ತುದಿ ಸೇರಿತು. ಎಲ್ಲರೂ ಗೌಡರು ಹಗ್ಗ ಹಿಡಿಯುತ್ತಾರೆಂದೇ ಕಾದರು. ಚನ್ನವೀರಪ್ಪ ಕಟ್ಟೆ ಇಳಿದು ಕೆಳಗೆ ನಿಂತ. ಅಡಿವೆವ್ವ ಹಗ್ಗ ಹಿಡಿದಳು. ಜಗ್ಗಿದಳು. ಬಿಚ್ಚಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಮಳೆಗೆ ನೆನೆದ ಗಂಟು ಬಿಗಿದುಕೊಂಡಿತ್ತು. ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಗಂಡಸರ ಸಾಲಿನಿಂದ "ನಾವು ಹೇಳಿರ್ಲಿಲ್ಲೇನು?" ಎಂಬ ಮಾತು ಬಂತು. ಅಡಿವೆವ್ವನ ಮುಖ ಕೆಂಪಾಯಿತು. ಚನ್ನವೀರಪ್ಪನ ಬಲಗೈ ತಾನಾಗಿ ಹಗ್ಗದತ್ತ ಹೋಯಿತು.

ಆ ಕೈ ಹಗ್ಗ ಹಿಡಿಯಲಿಲ್ಲ. ಅವನು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜನರತ್ತ ತಿರುಗಿದ.

"ಯಾಕ ನಗ್ತೀರಿ? ಮೊದಲ್ನೇ ಸಲ ನನಗೂ ಬಿಚ್ಚಿರ್ಲಿಲ್ಲ. ಹಿರೇರನ್ನ ಕೇಳ್ರಿ." ಆಮೇಲೆ ಮೆಲ್ಲಗೆ, "ಅವಸರ ಬ್ಯಾಡ್ರಿ ಅಧ್ಯಕ್ಷರ. ಹಗ್ಗ ಒಂದೀಟು ಸಡಲ ಬಿಟ್ಟು ಜಗ್ರಿ," ಎಂದ.

ಅಡಿವೆವ್ವ ಸಡಿಲ ಬಿಟ್ಟು ಜಗ್ಗಿದಳು. ಬಾವುಟ ಪಟಪಟನೆ ಬಿಚ್ಚಿಕೊಂಡಿತು. ಸರೋಜವ್ವ ಬಾಯಿ ತೆರೆದು ನೋಡುತ್ತಲೇ ಇದ್ದಳು. ತಾನು ಇಷ್ಟು ವರ್ಷ ತೊಳೆದದ್ದು ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಪಡುವಣ ಗಾಳಿ ಎಸಳುಗಳನ್ನು ಜನರ ತಲೆಯ ಮೇಲಿಂದ ಹಾರಿಸಿಕೊಂಡು ಬಂತು. ದುರಗವ್ವ ಏನೂ ಯೋಚಿಸದೆ ಸೆರಗೊಡ್ಡಿದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಈ ಸಲ ಚನ್ನವೀರಪ್ಪನೇ ಕೇಳಿದ. "ಈಗಾದ್ರೂ ತಿಳೀತೋ ಇಲ್ಲೋ, ಹೂವು ಎಲ್ಲಿ ಬೀಳ್ತಾವಂತ?"

"ತಿಳೀತ್ರಿ," ಎಂದಳು ಸರೋಜವ್ವ. "ಬೇವಿನಗಿಡದ ಬುಡದ ತನಕ ಬರ್ತಾವು. ಇಷ್ಟು ವರ್ಷ ನೀವು ಹಗ್ಗ ಹಿಡಕೊಂಡು ಮ್ಯಾಲ ನೋಡ್ತಿದ್ರಿ. ನಿಮಗ ಕಂಡಿರಂಗಿಲ್ಲ."