ಹಾಲಿನ ಚರ್ಮ

"ಕೆನೆ ಒಳಗೇ ಎತ್ತಿ ತರ್ತೇನೆ ಅಪ್ಪ," ಎಂದು ಕುಮುದಿನಿ ಮತ್ತೊಮ್ಮೆ ಕೇಳಿಕೊಂಡಳು. ಕುಕ್ಕಪ್ಪ ಕೇಳುವ ಜನವೇ? ಸೀಮೆಎಣ್ಣೆ ಸ್ಟೌವನ್ನು ಚಾವಡಿಗೆ ಹೊತ್ತು ತಂದು, ಜಾಲ್ಸೂರಿನಿಂದ ಹೆಣ್ಣು ನೋಡಲು ಬಂದವರ ಎದುರಿಗೇ ಇಟ್ಟುಬಿಟ್ಟ.

ಹಡಗಿನಲ್ಲಿ ಅಡುಗೆಗಿದ್ದು ಬೆಳ್ಳಾರೆಗೆ ಮರಳಿದವನಿಗೆ ಜಪಾನಿನದೇ ಗೀಳು. ಸೋಯಾ ಕಾಳು ನೆನೆಸಿ, ಅರೆದು, ಸೋಸಿದ ಹಾಲನ್ನು ಸಣ್ಣ ಉರಿಯಲ್ಲಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಅದನ್ನು ಕಡ್ಡಿಯಲ್ಲಿ ಹರಿಯದಂತೆ ಎತ್ತಿ ಬಿಸಿಬಿಸಿ ತಿನ್ನಬೇಕು. ಅಲ್ಲಿನ ಬಂದರಿನ ಹೋಟೆಲಿನಲ್ಲಿ ಮುದುಕಿಯೊಬ್ಬಳು ಉಣ್ಣುವವರ ಎದುರಲ್ಲೇ ಎತ್ತಿ ಬಡಿಸಿದ್ದಳಂತೆ. ಇವನಿಗೂ ಹಾಗೇ ಆಗಬೇಕು. ಹೆಂಡತಿ ತೀರಿಹೋದ ಮೇಲೆ ಆ ಕೆಲಸ ಮಗಳದ್ದು. ಅವಳಷ್ಟು ನಾಜೂಕಾಗಿ ಎತ್ತಲು ಅವನಿಗೂ ಬಾರದು.

ಇವತ್ತು ಅವಳು ಉದ್ದ ತೋಳಿನ ರವಿಕೆ ಹೊಲಿದು ಹಾಕಿಕೊಂಡಿದ್ದಳು. ಬಲಗೈಯಲ್ಲಿ, ಮೊಣಕೈ ಕೆಳಗೆ, ತೊನ್ನಿನ ಬಿಳಿ ಕಲೆ ಹಬ್ಬುತ್ತಿತ್ತು. ಮುಚ್ಚಿಕೊಂಡಿರು, ಈ ಸಂಬಂಧವೂ ತಪ್ಪಿದರೆ ಮತ್ತೆ ಯಾರೂ ನಮ್ಮ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿದ್ದು ಅಪ್ಪನೇ. ಹೇಳಿ ಮರೆತೂ ಬಿಟ್ಟಿದ್ದ, ಪುಣ್ಯಾತ್ಮ!

ಕೆನೆ ಕಟ್ಟಿತು. ಕುಮುದಿನಿ ಕಡ್ಡಿ ತೂರಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಅದು ಉದ್ದಕ್ಕೆ ಇಳಿಬಿತ್ತು. ಕೈಯನ್ನು ಮೇಲೆ, ಇನ್ನೂ ಮೇಲೆ ಎತ್ತಬೇಕಾಯಿತು. ರವಿಕೆಯ ಸಡಿಲ ತೋಳು ಸರ್ರನೆ ಮೊಣಕೈಗೆ ಜಾರಿತು. ಕೈ ಇಳಿಸಿದರೆ ಕೆನೆ ಮುದ್ದೆಯಾಗುತ್ತದೆ. ಪಳಗಿದ ಕೈ, ಹಾಳಾದ್ದು, ಇಳಿಯಲೇ ಇಲ್ಲ.

ಹುಡುಗನ ಸೋದರತ್ತೆ ತಿಮ್ಮಕ್ಕ, ತನ್ನ ಎಲೆಗೆ ಬಿದ್ದದ್ದನ್ನು ಬೆರಳಲ್ಲಿ ಮುಟ್ಟಿ ಇದರ ಹೆಸರೇನೆಂದು ಕೇಳಿದಳು. ಕೆನೆ ಎಂದು ಹೇಳಿ ಮುಗಿಸಬಾರದಿತ್ತೇ? ಹಡಗಿನ ಸಾಹೇಬರು ಅದನ್ನು 'ಸ್ಕಿನ್' ಎನ್ನುತ್ತಿದ್ದರು.

"ಯುಬಾ ಅಂತ. ನಮ್ಮ ಭಾಷೆಯಲ್ಲಿ ಹಾಲಿನ ಚರ್ಮ," ಎಂದ ಕುಕ್ಕಪ್ಪ, ಹಿಗ್ಗಿನಿಂದ.

ತಿಮ್ಮಕ್ಕ ಕುಮುದಿನಿಯ ಕೈಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಿಮ್ಮಲ್ಲಿ ಬಿಳಿ ಚರ್ಮ ಪಾತ್ರೆಯಲ್ಲಿ ಮಾತ್ರ ಅಲ್ಲ ಮಾರಾಯ್ರೆ."

ಹುಡುಗ ನಕ್ಕುಬಿಟ್ಟ. ಅತ್ತೆಯ ಮಾತಿಗಿಂತ ಆ ನಗುವೇ ಕುಮುದಿನಿಗೆ ಹೆಚ್ಚು ಚುಚ್ಚಿತು. ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ಎದ್ದರು. ಒಬ್ಬರೂ ಬಾಯಿಗಿಡಲಿಲ್ಲ.

ಅವರನ್ನು ಕಳಿಸಿ ಬಂದ ಕುಕ್ಕಪ್ಪ ತಿಮ್ಮಕ್ಕನ ಎಲೆಯ ಮುಂದೆ ಕುಳಿತ. ಅವಳು ಮುಟ್ಟಿ ಬಿಟ್ಟುಹೋದದ್ದನ್ನು ಮಡಚಿ ಬಾಯಿಗೆ ಹಾಕಿಕೊಂಡ.

"ಕೈ ಸ್ವಲ್ಪ ಕೆಳಗೆ ಹಿಡೀಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಹಾಳಾಗ್ತಿತ್ತು ಅಪ್ಪ."

ಅವನು ನಿಧಾನಕ್ಕೆ ಅಗಿದು ನುಂಗಿದ. ಸ್ಟೌ ಇನ್ನೂ ಉರಿಯುತ್ತಿತ್ತು. ಬಗ್ಗಿ ಪಾತ್ರೆಯೊಳಗೆ ನೋಡಿದ.

"ಇನ್ನೊಂದು ಉಂಟು. ಎತ್ತು."

ಕುಮುದಿನಿ ರವಿಕೆಯ ತೋಳನ್ನು ಮೊಣಕೈಯವರೆಗೆ ಮಡಚಿಕೊಂಡು, ಕಡ್ಡಿಗೆ ಕೈ ಚಾಚಿದಳು.