ಮೇಲಿನ ಬೀದಿಗೆ ಮೊದಲು ನೀರು

ಮನೆಗೆ ಹೊಸಬರು ಬರುತ್ತಾರೆ ಅಂದರೆ ನಾವು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಕೈಗೆ ಸಿಕ್ಕಿದ್ದನ್ನೆಲ್ಲ ಮಂಚದ ಕೆಳಗೆ ತಳ್ಳುವುದು! ನೀರು ಮಾವನೂ ಅದನ್ನೇ ಮಾಡಿದರು. ಆದರೆ ಅವರು ತಳ್ಳಲು ಹೊರಟಿದ್ದು ಹಳೇ ಬಟ್ಟೆಯನ್ನಲ್ಲ, ಇಡೀ ಬಡಾವಣೆಯನ್ನು.

ನೀರು ಮಾವ ಅಂದರೆ ಮೂರು ಬೀದಿಗೆ ನೀರು ಬಿಡುವವರು. ಇಳಿಜಾರಿನ ಬಡಾವಣೆ ಅದು. ಮೇಲಿನ ಬೀದಿ, ನಡುವಿನ ಬೀದಿ, ಕೆಳಗಿನ ಬೀದಿ. ಮೂರು ದಿನಕ್ಕೊಮ್ಮೆ ನೀರು. ಆ ದಿನ ಬೆಳಿಗ್ಗೆ ಮಾವ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಬರುತ್ತಾರೆ. ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ಕೀಲಿ ಇಳಿಸಿ, ವಾಲ್ವ್ ತಿರುಗಿಸುತ್ತಾರೆ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಅವರ ನಿಜವಾದ ಹೆಸರು ಅವರ ಹೆಂಡತಿಗೇ ಒಮ್ಮೊಮ್ಮೆ ಮರೆತುಹೋಗುತ್ತದಂತೆ.

ಒಂದು ಸಂಜೆ ಮಗಳು ಸುದ್ದಿ ತಂದಳು. ಅವಳು ಮೇಲಿನ ಬೀದಿಯ ಮಕ್ಕಳ ಕೇಂದ್ರದಲ್ಲಿ ಟೀಚರ್.

"ಅಪ್ಪಾ, ಹೊರದೇಶದಿಂದ ಇಬ್ಬರು ಬರ್ತಿದ್ದಾರೆ. ಒಬ್ಬಳು ಹುಡುಗಿ, ಒಬ್ಬ ಹುಡುಗ. ಐದು ತಿಂಗಳು ನಮ್ಮ ಮಕ್ಕಳ ಜೊತೆ ಕೆಲಸ ಮಾಡ್ತಾರೆ. ಸಂಬಳ ಗಿಂಬಳ ಏನಿಲ್ಲ, ಸ್ವಯಂಸೇವಕರು. ಮೊದಲನೇ ವಾರ ಅವರಿಗೆ ನಮ್ಮ ದೇಶ ಪರಿಚಯ ಮಾಡಿಸ್ಬೇಕು. ದಿನಕ್ಕೊಂದು ಮನೆಯವರು. ಮಂಗಳವಾರ ನಿಮ್ಮ ಪಾಳಿ."

"ಆಗಲ್ಲ," ಅಂದರು ಮಾವ, ಮುಖ ಗಂಟಿಕ್ಕಿಕೊಂಡು. "ಹೋದ ವರ್ಷ ಬಂದಿದ್ರಲ್ಲ, ಏನಾಯ್ತು? ಮರೆತುಬಿಟ್ಯಾ?"

ಮರೆಯುವ ಮಾತೇ ಅಲ್ಲ ಅದು. ಹೋದ ವರ್ಷವೂ ಇಬ್ಬರು ಬಂದಿದ್ದರು. ಬೀದಿಯವರು ಅವರನ್ನು ಕುರ್ಚಿ ಹಾಕಿ ಕೂರಿಸಿದರು. "ಅಯ್ಯೋ, ನೀವು ಮುಟ್ಟಬೇಡಿ" ಅನ್ನುವುದೇ ದಿನವಿಡೀ ಮಾತು. ಅವರೂ ಏನು ಮಾಡಿಯಾರು, ಪಾಪ? ಟಾಫಿ ಹಂಚಿದರು, ಫೋಟೋ ತೆಗೆದರು, ಮಕ್ಕಳನ್ನು ಎತ್ತಿ ಕುಣಿಸಿದರು. ಇಪ್ಪತ್ತನೇ ದಿನ ಬೆಳಿಗ್ಗೆ ನೋಡಿದರೆ ಇಬ್ಬರೂ ಇಲ್ಲ. ಹೋಗುತ್ತೇವೆ ಅಂತ ಮಕ್ಕಳಿಗೆ ಒಂದು ಮಾತು ಹೇಳಿರಲಿಲ್ಲ.

ಮಾವನ ಮೊಮ್ಮಗಳು ಗುಬ್ಬಿ, ಈ ಟೀಚರಮ್ಮನ ಮಗಳೇ, ಅರ್ಧ ಬಣ್ಣ ತುಂಬಿದ ಚಿತ್ರ ಹಿಡಿದುಕೊಂಡು ನಾಲ್ಕು ದಿನ ಕೇಂದ್ರದ ಗೇಟಿನ ಹತ್ತಿರ ಕೂತಿದ್ದಳು. ಐದನೇ ದಿನ ಕೇಂದ್ರಕ್ಕೆ ಹೋಗುವುದನ್ನೇ ಬಿಟ್ಟಳು. ಈಗ ಹತ್ತು ತಿಂಗಳಾಯಿತು. ಮಗುವಿಗೆ ಆರು ತುಂಬಿದೆ, ಬರುವ ವರ್ಷ ಶಾಲೆಗೆ ಸೇರಿಸಬೇಕು. ಹೊಸಬರ ಮುಖ ಕಂಡರೆ ಬಾಗಿಲ ಹಿಂದೆ ಸೇರುತ್ತಾಳೆ. ಏನು ಕೇಳಿದರೂ "ನಂಗೆ ಬೇಡ."

"ತಪ್ಪು ಅವರದ್ದು ಮಾತ್ರಾನಾ ಅಪ್ಪ?" ಅಂದಳು ಮಗಳು. "ನಾವೂ ಅವರಿಗೆ ಏನೂ ಹೇಳಲಿಲ್ಲ. ನೆಂಟರ ಥರ ಕೂರಿಸಿದ್ವಿ, ನೆಂಟರ ಥರಾನೇ ಎದ್ದು ಹೋದ್ರು. ಈ ಸಲ ಬಂದ ದಿನಾನೇ ಕೂರಿಸಿಕೊಂಡು ಹೇಳ್ತೀನಿ. ಮನೆಯವರನ್ನ ಕೇಳದೆ ಮಗುವಿನ ಫೋಟೋ ತೆಗೆಯೋ ಹಾಗಿಲ್ಲ. ಮಕ್ಕಳ ಜೊತೆ ಇರುವಾಗ ನಮ್ಮವರೊಬ್ಬರು ಪಕ್ಕದಲ್ಲಿ ಇರ್ಲೇಬೇಕು. ಟಾಫಿ ಬೇಡ."

"ಸರಿ ಬಿಡು. ಆದ್ರೆ ನಾನು ಏನು ತೋರಿಸ್ಲಿ? ಗುಂಡಿ ತೋರಿಸ್ಲಾ?"

"ಅದನ್ನೇ ತೋರ್ಸಿ."

"ತೆಗಿ ತೆಗಿ! ದೇಶದ ಮಾನ ಹೋಗುತ್ತೆ."

ಮಂಗಳವಾರ ನೀರಿನ ದಿನ. ಮಾವ ಮಾತ್ರ ಪೆಟ್ಟಿಗೆಯಿಂದ ಕೋಟು ತೆಗೆದರು. ಕೋಟು ಮಗಳ ಮದುವೆಯ ಕಾಲದ್ದು, ಗುಂಡಿ ಹಾಕಿದರೆ ಉಸಿರು ಬಿಡುವಂತಿಲ್ಲ. ಕೀಲಿಯನ್ನು ಸೈಕಲ್ ಶಾಪಿನವನ ಕೈಗೆ ಕೊಟ್ಟು, "ಇವತ್ತೊಂದಿನ ನೀನೇ ಬಿಡಪ್ಪ, ತಿರುಗಿಸಿದ್ರೆ ಆಯ್ತು" ಅಂದು, ಹೊರದೇಶದಿಂದ ಬಂದ ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಪೇಟೆಯ ಗಾಜಿನ ಕಟ್ಟಡಕ್ಕೆ ಹೊರಟರು.

ಹುಡುಗಿ ಬಲು ಎತ್ತರ. ಬಂದ ಎರಡೇ ದಿನಕ್ಕೆ ಮಕ್ಕಳು "ಉದ್ದಕ್ಕ" ಅಂತ ಹೆಸರಿಟ್ಟಿದ್ದವು. ಹುಡುಗನಿಗೆ ತಲೆ ತುಂಬ ಸುರುಳಿ ಕೂದಲು, ಅವನು "ಗುಂಗುರಣ್ಣ." ಇಬ್ಬರೂ ನಮ್ಮ ಭಾಷೆಯನ್ನು ತಮ್ಮೂರಿನಲ್ಲೇ ಅಷ್ಟಿಷ್ಟು ಕಲಿತು ಬಂದಿದ್ದರು.

"ನೋಡಿ, ಹತ್ತಂತಸ್ತು! ನೋಡಿ, ಮೆಟ್ಟಿಲು ತಾನಾಗೇ ಹತ್ತುತ್ತೆ!" ಅಂತ ಮಾವ ತೋರಿಸಿದ್ದೇ ತೋರಿಸಿದ್ದು.

ಇಬ್ಬರೂ ವಿನಯದಿಂದ ತಲೆಯಾಡಿಸಿದರು. ಆಮೇಲೆ ಉದ್ದಕ್ಕ ಕೇಳಿದಳು. "ಚೆನ್ನಾಗಿದೆ. ನಮ್ಮ ಊರಲ್ಲಿಯೂ ಇದೆ. ಮಾವ, ನೀವು ಇಲ್ಲಿ ಕೆಲಸ ಮಾಡುತ್ತೀರಾ?"

"ಇಲ್ಲಮ್ಮ... ನಂದು ಬೇರೆ ಕೆಲಸ," ಅಂತ ಮಾವ ಮಾತು ತೇಲಿಸಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಗಳದ್ದು.

"ಅಪ್ಪಾ, ಮೇಲಿನ ಬೀದಿಗೆ ಒಂದು ತೊಟ್ಟು ನೀರು ಬಂದಿಲ್ಲ! ಕೇಂದ್ರದ ತೊಟ್ಟಿ ಬರಿದು. ಮೂವತ್ತು ಮಕ್ಕಳಿಗೆ ಕೈ ತೊಳೆಯೋಕೆ ನೀರಿಲ್ಲ. ಅಡುಗೆಗೂ ಇಲ್ಲ."

ಮಾವ ಇಬ್ಬರನ್ನೂ ಕರೆದುಕೊಂಡು ಮರಳಿ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕೂತ ಕಡೆ ಕೂರಲಾಗಲಿಲ್ಲ. ಇಳಿದವರೇ ಕೋಟು ಬಿಚ್ಚಿ ಗುಂಗುರಣ್ಣನ ತೋಳಿನ ಮೇಲೆ ಎಸೆದು ಗುಂಡಿಯ ಹತ್ತಿರ ಓಡಿದರು. ಸೈಕಲ್ ಶಾಪಿನವನು ಬೆವರುತ್ತಾ ನಿಂತಿದ್ದ.

"ಮೂರೂ ವಾಲ್ವ್ ಒಟ್ಟಿಗೇ ಬಿಟ್ಟೆ ಮಾವ. ಎಲ್ಲರಿಗೂ ಸಮ ಸಮ ಹೋಗ್ಲಿ ಅಂತ."

"ಸಮ ಸಮವಂತೆ! ಅಯ್ಯೋ ಪುಣ್ಯಾತ್ಮ, ಅಷ್ಟೂ ಕೆಳಗಿನ ಬೀದಿಗೇ ಇಳಿದುಹೋಯ್ತಲ್ಲೋ!"

ಬೈದರು ನಿಜ. ಆದರೆ ಬೈಯುತ್ತಲೇ ಮಾವನಿಗೆ ಗೊತ್ತಾಯಿತು, ತಪ್ಪು ತಮ್ಮದು. ಯಾವುದನ್ನು ಮೊದಲು ಬಿಡಬೇಕು ಅಂತ ಹೇಳದೆ ಕೀಲಿ ಕೊಟ್ಟವರು ಯಾರು? ಮಾವ ನಾಲಿಗೆ ಕಚ್ಚಿಕೊಂಡು ಮುಚ್ಚಳ ಸರಿಸಿದರು. ಉದ್ದಕ್ಕ ಕೆಸರಿನಲ್ಲೇ ಮಂಡಿಯೂರಿ ಒಳಗೆ ಇಣುಕಿದಳು.

"ಇದು ನಿಮ್ಮ ಕೆಲಸ?"

"ಹೂಂ ಕಣಮ್ಮ, ಇದೇ," ಅಂದರು ಮಾವ ಸಂಕೋಚದಿಂದ. "ನೋಡು, ನೀರು ಕೆಳಗೆ ಹೋಗೋಕೆ ಯಾರ ಸಹಾಯಾನೂ ಬೇಡ. ಮೇಲೆ ಹತ್ತೋಕೆ ಬೇಕು. ಅದಕ್ಕೇ ಮೊದಲು ಕೆಳಗಿನದು, ನಡುವಿನದು ಎರಡೂ ಪೂರ್ತಿ ಮುಚ್ಚಬೇಕು. ಮೇಲಿನದು ಹದಿನೆಂಟು ಸುತ್ತು ಬಿಡಬೇಕು. ಅವರದ್ದು ತುಂಬಿದ ಮೇಲೇನೇ ಉಳಿದವರಿಗೆ."

"ನಾನು ತಿರುಗಿಸಲಾ?"

"ಅಯ್ಯೋ, ನೀವು ಮುಟ್ಟ..." ಮಾವನ ಮಾತು ಅಲ್ಲಿಗೇ ನಿಂತಿತು. ಹೋದ ವರ್ಷ ಬೀದಿಗೆ ಬೀದಿಯೇ ಆಡಿದ್ದ ಮಾತು ಅದು. ಒಂದು ಕ್ಷಣ ಅವಳ ಮುಖ ನೋಡಿದರು, ಕೀಲಿಯನ್ನು ಅವಳ ಕೈಗೆ ಕೊಟ್ಟರು. "ತಿರುಗಿಸಮ್ಮ. ಗಟ್ಟಿಯಾಗಿ ಲೆಕ್ಕ ಹಾಕು."

ಕೆಳಗಿನ ಬೀದಿಯ ನಲ್ಲಿಗಳೆಲ್ಲ ಸೊರಗಿ ನಿಂತವು. ಹೆಂಗಸರು ಅರ್ಧ ತುಂಬಿದ ಡ್ರಮ್ಮು ಬಿಟ್ಟು ಹೊರಗೆ ಬಂದರು. "ಯಾಕೆ ಮಾವ, ನಿಲ್ಲಿಸಿಬಿಟ್ರಿ?"

"ಮೇಲಿನವರಿಗೆ ಇನ್ನೂ ಬಂದಿಲ್ಲ ಕಣ್ರಮ್ಮಾ!"

ಅಷ್ಟೇ. ಒಬ್ಬರೂ ಮರುಮಾತಾಡಲಿಲ್ಲ. ಬಟ್ಟೆ ಹೊಲಿಯುವ ಅಕ್ಕ ಮಾತ್ರ ಒಳಗೆ ಹೋಗಿ ತುಂಬಿದ ಬಕೆಟ್ ಎರಡು ತಂದಿಟ್ಟಳು. "ನೀರು ಹತ್ತೋಕೆ ಇನ್ನೂ ಅರ್ಧ ಗಂಟೆ. ಮಕ್ಕಳು ಅಷ್ಟು ಹೊತ್ತು ಕಾಯ್ತವಾ? ಇದನ್ನ ತಗೊಂಡು ಹೋಗಿ." ಅವಳನ್ನು ನೋಡಿ ಪಕ್ಕದವಳು ತಂದಳು, ಎದುರು ಮನೆಯವಳೂ ತಂದಳು. ಗುಂಗುರಣ್ಣ ಕೋಟನ್ನು ಸೈಕಲ್ ಶಾಪಿನವನ ಹೆಗಲಿಗೆ ಹಾಕಿ ಬಕೆಟ್ ಎತ್ತಿಕೊಂಡ.

"ಯಾರೂ ಜಗಳ ಆಡಲಿಲ್ಲ!" ಅಂದಳು ಉದ್ದಕ್ಕ, ಕಣ್ಣರಳಿಸಿ.

"ಆಡ್ತೀವಮ್ಮ. ಕಸಕ್ಕೆ ಆಡ್ತೀವಿ, ಗೋಡೆಗೆ ಆಡ್ತೀವಿ, ಸುಮ್ಮಸುಮ್ಮನೇನೂ ಆಡ್ತೀವಿ. ಇದಕ್ಕೆ ಮಾತ್ರ ಇಲ್ಲ. ಇಪ್ಪತ್ತೇಳು ವರ್ಷದಿಂದ ಮೇಲಿನ ಬೀದಿಗೇ ಮೊದಲು. ಯಾರಿಗೆ ತಲುಪೋದು ಕಷ್ಟವೋ ಅವರಿಗೆ ಮೊದಲು." ಹೇಳುತ್ತಾ ಹೇಳುತ್ತಾ ಮಾವನ ಬೆನ್ನು ನೆಟ್ಟಗಾಯಿತು. ಇಷ್ಟು ದಿನ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಿಯೇ ಇರಲಿಲ್ಲವಲ್ಲ ಅನ್ನಿಸಿತು. "ನಮ್ಮ ದೇಶ ನೋಡೋಕೆ ಬಂದ್ಯಲ್ಲ, ನೋಡಿಕೋ. ಇದೇ ನಮ್ಮ ದೇಶ."

ಆ ಗಳಿಗೆಯಲ್ಲಿ ಮಾವನಿಗಾದ ಹೆಮ್ಮೆ ಹತ್ತಂತಸ್ತಿನ ಕಟ್ಟಡದ ಮುಂದೆ ಆಗಿರಲಿಲ್ಲ.

ಕೈಕಾಲು ತೊಳೆಯಲು ಅವರನ್ನು ಮಾವ ತಮ್ಮ ಮನೆಗೇ ಕರೆತಂದರು. ಬಾಗಿಲ ಹಿಂದೆ ಎರಡು ಪುಟ್ಟ ಪಾದ ಕಂಡವು. ಮಾವ ಈಗ ಏನನ್ನೂ ಮುಚ್ಚಿಡಲಿಲ್ಲ. ಹೋದ ವರ್ಷದ ಕಥೆಯನ್ನು, ಗೇಟಿನ ಹತ್ತಿರ ಕೂತ ನಾಲ್ಕು ದಿನವನ್ನು ನೇರವಾಗಿ ಹೇಳಿದರು. ಉದ್ದಕ್ಕ ಮೆಟ್ಟಿಲ ಮೇಲೆ ಕೂತಳು. ಬಾಗಿಲ ಹಿಂದಿನಿಂದ ದನಿ ಬಂತು.

"ನೀವು ಯಾವಾಗ ಹೋಗ್ತೀರಾ?"

"ಏಯ್, ಹಾಗೆಲ್ಲ ಕೇಳ್ಬಾರ್ದು!" ಅಂದಳು ಅಜ್ಜಿ.

"ಕೇಳಬೇಕು," ಅಂದಳು ಉದ್ದಕ್ಕ. "ಐದು ತಿಂಗಳು ಇರುತ್ತೇನೆ. ಆಮೇಲೆ ಹೋಗುತ್ತೇನೆ. ಹೇಳದೆ ಹೋಗುವುದಿಲ್ಲ."

ಆರು ವರ್ಷದ ಮಗುವಿಗೆ ಐದು ತಿಂಗಳು ಅಂದರೆ ಏನು ಗೊತ್ತಾಗಬೇಕು? ಗುಬ್ಬಿ ತಾತನ ಮುಖ ನೋಡಿದಳು. ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಐವತ್ತು ನೀರು ಕಣೇ ಪುಟ್ಟಾ. ಐವತ್ತು ಸಲ ನೀರು ಬರೋ ತನಕ ಇರ್ತಾಳೆ."

ಗುಬ್ಬಿ ಒಳಗೆ ಹೋಗಿ ಸೀಮೆಸುಣ್ಣ ತಂದು ಗೋಡೆಯ ಮೇಲೆ ಒಂದು ಗೀಟು ಎಳೆದಳು. "ಇವತ್ತಿಂದು," ಅಂದಳು.

ಮರುದಿನ ಬೆಳಿಗ್ಗೆ ಅವಳು ಅಮ್ಮನ ಕೈ ಹಿಡಿದು ಕೇಂದ್ರಕ್ಕೆ ಹೋದಳು. ನೋಡಿದ ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡೇ ಒರೆಸಿಕೊಂಡರು.

ಐದು ತಿಂಗಳು ಗೋಡೆಯ ಮೇಲೆ ಗೀಟು ಬೆಳೆಯಿತು. ನಲವತ್ತನೇ ಗೀಟಿಗೆ ಉದ್ದಕ್ಕ "ಇನ್ನು ಹತ್ತು ನೀರು" ಅಂತ ಗುಬ್ಬಿಗೆ ಜ್ಞಾಪಿಸಿದಳು, ನಲವತ್ತೈದಕ್ಕೂ ಜ್ಞಾಪಿಸಿದಳು. ಐವತ್ತನೆಯದನ್ನು ಗುಬ್ಬಿಯೇ ಎಳೆದಳು. ಬಸ್ಸಿನ ಹತ್ತಿರ ಅತ್ತಳು, ಚೆನ್ನಾಗಿಯೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ತಾತನನ್ನು ಎಳೆದಳು. "ನಡಿ ತಾತ, ಕೇಂದ್ರಕ್ಕೆ ಹೊತ್ತಾಯ್ತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಬೀದಿಯ ಮಕ್ಕಳ ಜೊತೆ ಕೆಲಸ ಮಾಡಲೂ ದೂರದ ದೇಶದ ಹುಡುಗ ಹುಡುಗಿಯರು ಬರಬಹುದು. ಕುರ್ಚಿ ಹಾಕಿ ದೂರ ಕೂರಿಸಬೇಡಿ. ಮಕ್ಕಳ ವಿಷಯದಲ್ಲಿ ನಮ್ಮ ನಿಯಮ ಏನು ಅಂತ ಬಂದ ದಿನವೇ ಬಾಯಿಬಿಟ್ಟು ಹೇಳಿ, ಅದಕ್ಕೆ ನಾಚಿಕೆ ಬೇಡ. ಮಂಚದ ಕೆಳಗೆ ತಳ್ಳಿದ್ದನ್ನು ಹೊರಗೆ ತೆಗೆಯಿರಿ, ನೀವು ದಿನಾ ಮಾಡುವ ಕೆಲಸವನ್ನು ಅವರ ಕೈಗೂ ಕೊಡಿ. ನಮ್ಮ ದೇಶವನ್ನು ನಿಮಗಿಂತ ಚೆನ್ನಾಗಿ ಪರಿಚಯಿಸುವವರು ಯಾರಿದ್ದಾರೆ?

ಮತ್ತೆ, ನಿಮ್ಮ ಮಗು "ಯಾವಾಗ ಹೋಗ್ತೀರಾ?" ಅಂತ ಕೇಳಿದರೆ ಗದರಬೇಡಿ. ಕೇಳಲಿ ಬಿಡಿ. ಉತ್ತರ ಸಿಕ್ಕ ಮೇಲೆ ಅದರ ಕೈಗೊಂದು ಸೀಮೆಸುಣ್ಣ ಕೊಡಿ.